ಸ್ಕೂಲ್ ಮ್ಯಾಗಜಿನ್‌ಗೆ ಕತ್ತರಿ ಹಾಕುವವರು ಯಾರು, ಯಾಕೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಯಾವುದಾದರೂ ಹೈಸ್ಕೂಲು ಅಥವಾ ಕಾಲೇಜಿನ ವಾರ್ಷಿಕ ಸಂಚಿಕೆ ತೆಗೆದು ನೋಡಿ. ಮೊದಲಿಗೆ ಶಾಸಕರ ಶುಭ ಸಂದೇಶ, ಆಡಳಿತ ಮಂಡಳಿ ಅಧ್ಯಕ್ಷರ ಫೋಟೊ, ಪ್ರಿನ್ಸಿಪಾಲರ ನಾಲ್ಕು ಮಾತು. ಆಮೇಲೆ ಮಳೆಯ ಮೇಲೆ ಎರಡು ಕವನ, ಜೋಗದ ಪ್ರವಾಸ, ಅಮ್ಮನ ಬಗ್ಗೆ ಒಂದು, ಕಾಡು ಉಳಿಸಿ ಅಂತ ಒಂದು, ಒಗಟು, ನಗೆಹನಿ. ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಮಕ್ಕಳು ಬೆಳಿಗ್ಗೆ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಬರುವುದು, ಕಾಲುಸಂಕ ಕೊಚ್ಚಿಹೋಗಿ ವಾರಗಟ್ಟಲೆ ಸುತ್ತು ಹಾಕಿ ನಡೆಯುವುದು, ಹಾಸ್ಟೆಲ್ಲಿನ ಸಾರು, ಚಿಲಕ ಇಲ್ಲದ ಶೌಚಾಲಯ, ಜೂನ್‌ನಿಂದ ಖಾಲಿ ಇರುವ ಗಣಿತದ ಮೇಷ್ಟ್ರ ಹುದ್ದೆ, ಇವುಗಳ ಸುದ್ದಿಯೇ ಅಲ್ಲಿರುವುದಿಲ್ಲ. ಮಕ್ಕಳಿಗೆ ಬರೆಯಲು ಬರುವುದಿಲ್ಲ ಅಂತಲ್ಲ. ಬರೆದದ್ದು ಸ್ಟಾಫ್ ರೂಮಿನಲ್ಲೇ ಉಳಿಯುತ್ತದೆ. ಎಷ್ಟೋ ಸಲ ಬರೆಯುವ ಮೊದಲೇ “ಇದೆಲ್ಲ ಬೇಡಪ್ಪ, ಸ್ಕೂಲಿನ ಹೆಸರು ಹಾಳಾಗುತ್ತೆ” ಅನ್ನುವ ಮಾತು ಬಂದಿರುತ್ತದೆ.

ಮಕ್ಕಳು ಬರೆದದ್ದನ್ನು ದೊಡ್ಡವರು ನೋಡಬಾರದು ಅಂತ ನಾನು ಹೇಳುತ್ತಿಲ್ಲ. ನೋಡಲೇಬೇಕು. ಯಾವ ಕಾರಣಕ್ಕೆ ತೆಗೆಯುತ್ತಾರೆ, ಆ ಕಾರಣವನ್ನು ಬರೆದವರಿಗೆ ಹೇಳುತ್ತಾರಾ ಅನ್ನುವುದಷ್ಟೇ ನನ್ನ ತಕರಾರು. ಇದು ಹಳೆಯ ಜಗಳ. ನಮ್ಮಲ್ಲೂ ಇದೆ, ಹೊರಗೂ ಇದೆ.

ನಮ್ಮ ಕಡೆಯಿಂದಲೇ ಶುರು ಮಾಡೋಣ. ಶಿವಮೊಗ್ಗ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. 1908ರಲ್ಲಿ, ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, ಸಂಸ್ಥಾನ ಒಂದು ಪತ್ರಿಕಾ ಕಾಯ್ದೆ ತಂದಿತು. ಪತ್ರಿಕೆ ಹೊರಡಿಸಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು ಅಂತಾಯಿತು. ಇದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದವರು ಎಂ. ವೆಂಕಟಕೃಷ್ಣಯ್ಯ. ಜನ ಅವರನ್ನು ತಾತಯ್ಯ ಅಂತ ಕರೆಯುತ್ತಿದ್ದರು. ಅವರು ಬರೀ ಪತ್ರಕರ್ತರಲ್ಲ, ಮೈಸೂರಿನ ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದವರು. ಅನುಮತಿ ಕೇಳಿ ಬರೆಯುವುದಕ್ಕಿಂತ ಬರೆಯದೇ ಇರುವುದು ವಾಸಿ ಅಂದುಕೊಂಡ ಹೆಡ್‌ಮಾಸ್ಟರ್! ಈಗಿನ ಸ್ಟಾಫ್ ರೂಮುಗಳಲ್ಲಿ ಅವರ ಫೋಟೊ ಒಂದು ಇದ್ದಿದ್ದರೆ ಚೆನ್ನಾಗಿತ್ತು.

ಹತ್ತು ಹನ್ನೊಂದು ವರ್ಷದ ನಂತರ, 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ‘ಪ್ರಬುದ್ಧ ಕರ್ಣಾಟಕ’ ಶುರು ಮಾಡಿತು. ಮುಂದೆ ನಿಂತವರು ಎ.ಆರ್. ಕೃಷ್ಣಶಾಸ್ತ್ರಿಗಳು. ಒಂದು ಕಾಲೇಜಿನ ಸಂಘದ ಪತ್ರಿಕೆ ಇಡೀ ಕನ್ನಡಕ್ಕೆ ಬೇಕಾದ ಪತ್ರಿಕೆಯಾಯಿತು. ದೊಡ್ಡ ಕೆಲಸವೇ. ಆದರೆ ನನಗನ್ನಿಸುವುದು, ನಮ್ಮ ಕಾಲೇಜು ಮ್ಯಾಗಜಿನ್‌ಗಳು, ಕೈಬರಹದ ಪತ್ರಿಕೆಗಳು, ಭಿತ್ತಿಪತ್ರಿಕೆಗಳು ಎಲ್ಲವೂ ಈ ಸಾಹಿತ್ಯದ ದಾರಿಯಲ್ಲೇ ನಡೆದವು. ಕಥೆ, ಕವನ, ಪ್ರಬಂಧ ಇರಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ವರದಿಯೂ ಇರಬಹುದು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಇನ್ನೊಂದು ಸಂಗತಿ ಇದೆ. ಬರೆಯುವುದನ್ನು ಕಲಿಸುವ ಮೇಷ್ಟ್ರು, ತಪ್ಪು ತಿದ್ದುವ ಮೇಷ್ಟ್ರು, ಬೇಡವಾದದ್ದನ್ನು ತೆಗೆಯುವ ಮೇಷ್ಟ್ರು, ಮೂವರೂ ಒಬ್ಬರೇ. ತಿದ್ದಿದ್ದು ಎಲ್ಲಿ ಮುಗಿಯಿತು, ತೆಗೆದದ್ದು ಎಲ್ಲಿ ಶುರುವಾಯಿತು ಅಂತ ಹುಡುಗರಿಗೆ ಗೊತ್ತಾಗುವುದಾದರೂ ಹೇಗೆ?

1950ರಲ್ಲಿ ಸಂವಿಧಾನ ಬಂತು. 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಮಾತಿನ ಸ್ವಾತಂತ್ರ್ಯ ಕೊಟ್ಟಿತು, 18 ವರ್ಷ ತುಂಬಿದವರಿಗೆ ಮಾತ್ರ ಅಂತ ಅಲ್ಲಿ ಬರೆದಿಲ್ಲ. ಅದೇ ವರ್ಷ ದೆಹಲಿಯ ಒಂದು ವಾರಪತ್ರಿಕೆಗೆ ಅಧಿಕಾರಿಗಳು ‘ಅಚ್ಚಿಗೆ ಮೊದಲು ನಮಗೆ ತೋರಿಸಿ’ ಅಂತ ಹಾಕಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸರ್ಕಾರ 1951ರಲ್ಲಿ ಮೊದಲ ತಿದ್ದುಪಡಿ ತಂದು ನಿರ್ಬಂಧದ ಪಟ್ಟಿಯನ್ನು ಉದ್ದ ಮಾಡಿತು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ದೊಡ್ಡ ದೊಡ್ಡ ಪತ್ರಿಕೆಗಳೇ ಅಚ್ಚಿಗೆ ಮೊದಲು ತೋರಿಸಬೇಕಾಯಿತು. ಸ್ಕೂಲಿನ ಮಾತು ಈ ಯಾವುದರಲ್ಲೂ ಬರಲಿಲ್ಲ.

ಅದು ಬಂದದ್ದು 1986ರಲ್ಲಿ, ಕೇರಳದಿಂದ. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆ ಹಾಡುವಾಗ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಗೆ ಹಾಕಿತು. ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತಲೇ ಇದು ಹೆಸರಾಗಿದೆ. ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಜನಕ್ಕೆ ನೆನಪಿರುವುದು ರಾಷ್ಟ್ರಗೀತೆಯ ವಿಷಯ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಮೂಲಭೂತ ಹಕ್ಕಿಗೆ ಕಡಿವಾಣ ಹಾಕಬೇಕಾದರೆ ಅದಕ್ಕೆ ಕಾನೂನು ಇರಬೇಕು, ಶಿಕ್ಷಣ ಇಲಾಖೆಯ ಸುತ್ತೋಲೆ ಸಾಲದು ಅಂತ ಕೋರ್ಟ್ ಹೇಳಿತು. ಇಲಾಖೆಯ ಸುತ್ತೋಲೆಯೇ ಸಾಲದಿದ್ದರೆ ಹೆಡ್‌ಮಾಸ್ಟರರ ಬಾಯಿಮಾತಿಗೆ ಎಷ್ಟು ಬೆಲೆ?

ಅಷ್ಟು ಸುಲಭವೂ ಇಲ್ಲ ಬಿಡಿ. ಮಗುವಿನ ಬಾಯಿ ಮಗುವಿನದು, ಸ್ಕೂಲಿನ ಮ್ಯಾಗಜಿನ್ ಸ್ಕೂಲಿನದು. ಮ್ಯಾಗಜಿನ್‌ನಲ್ಲಿ ನನಗೆ ಜಾಗ ಕೊಡಲೇಬೇಕು ಅನ್ನುವ ಹಕ್ಕು ಯಾರಿಗೂ ಇಲ್ಲ. ಈ ವ್ಯತ್ಯಾಸದ ಮೇಲೆ ಜಾಸ್ತಿ ಗುದ್ದಾಡಿದ್ದು ಅಮೆರಿಕದವರು. ಅವರ ಕಾನೂನು ನಮಗೆ ಅನ್ವಯಿಸುವುದಿಲ್ಲ, ಆದರೂ ಕಥೆ ಕೇಳುವ ಹಾಗಿದೆ.

1965ರ ಡಿಸೆಂಬರ್‌ನಲ್ಲಿ ಐಯೋವಾ ರಾಜ್ಯದ ಡಿಮೊಯಿನ್ ಊರಲ್ಲಿ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸ್ಕೂಲಿಗೆ ಬಂದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ. ಸ್ಕೂಲು ಸಸ್ಪೆಂಡ್ ಮಾಡಿತು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7–2 ನ್ಯಾಯಾಧೀಶರ ಬಹುಮತದಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು. ಪಾಠಕ್ಕೆ ನಿಜವಾದ ಅಡ್ಡಿಯಾಗದಿದ್ದರೆ ಸ್ಕೂಲು ಸುಮ್ಮನಿರಬೇಕು ಅನ್ನುವುದು ಅದರ ಸಾರ.

ನಂತರ ಹೇಜಲ್‌ವುಡ್. 1983ರ ಮೇ ತಿಂಗಳು, ಮಿಸೌರಿ ರಾಜ್ಯ. ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನ ಪತ್ರಿಕೋದ್ಯಮ ತರಗತಿಯ ಮಕ್ಕಳು ತಮ್ಮ ಪತ್ರಿಕೆಗೆ ಎರಡು ವರದಿ ಬರೆದಿದ್ದರು. ಒಂದು ಗರ್ಭಿಣಿಯರಾಗಿದ್ದ ವಿದ್ಯಾರ್ಥಿನಿಯರ ಬಗ್ಗೆ, ಇನ್ನೊಂದು ಅಪ್ಪ ಅಮ್ಮನ ವಿಚ್ಛೇದನದ ಬಗ್ಗೆ. ಪ್ರಿನ್ಸಿಪಾಲರು ನೋಡಿದರು. ಹೆಸರು ಬದಲಿಸಿದ್ದರೂ ಆ ಹುಡುಗಿಯರು ಯಾರು ಅಂತ ಸ್ಕೂಲಿನಲ್ಲಿ ಗೊತ್ತಾಗಿಬಿಡುತ್ತದೆ ಅನ್ನುವುದು ಅವರ ಒಂದು ಆತಂಕ. ವಿಚ್ಛೇದನದ ವರದಿಯಲ್ಲಿ ತಂದೆಯನ್ನು ದೂರಿದ್ದಾರೆ, ಆ ತಂದೆಯನ್ನು ಒಂದು ಮಾತು ಕೇಳಿಲ್ಲ ಅನ್ನುವುದು ಇನ್ನೊಂದು. ನೋಡಿ, ಎರಡೂ ಸರಿಯಾದ ಪ್ರಶ್ನೆಗಳೇ. ಯಾವ ಒಳ್ಳೆಯ ಸಂಪಾದಕರಾದರೂ ಕೇಳುತ್ತಾರೆ. ಆದರೆ ಒಳ್ಳೆಯ ಸಂಪಾದಕರು ಬರೆದವರನ್ನು ಕರೆದು ಕೇಳುತ್ತಾರೆ. ಇವರು ವರ್ಷದ ಕೊನೆ, ತಿದ್ದಲು ಟೈಮಿಲ್ಲ ಅಂದುಕೊಂಡು ಎರಡು ಪುಟಗಳನ್ನೇ ಕಿತ್ತು ಹಾಕಿಸಿದರು, ಆ ಪುಟಗಳಲ್ಲಿದ್ದ ಯಾವ ದೋಷವೂ ಇಲ್ಲದ ಬೇರೆ ಬರಹಗಳೂ ಜೊತೆಗೆ ಹೋದವು. ಮಕ್ಕಳಿಗೆ ಗೊತ್ತಾಗಿದ್ದು ಅಚ್ಚಾದ ಪತ್ರಿಕೆ ಕೈಗೆ ಬಂದಾಗ.

ಆ ಪತ್ರಿಕೆಯಲ್ಲಿದ್ದ ವಿದ್ಯಾರ್ಥಿನಿ ಕ್ಯಾಥಿ ಕುಲ್‌ಮೈಯರ್ ಮತ್ತು ಗೆಳತಿಯರು ಕೋರ್ಟಿಗೆ ಹೋದರು. 1988ರ ಜನವರಿಯಲ್ಲಿ 5–3ರಲ್ಲಿ ಸೋತರು. ಪಾಠದ ಭಾಗವಾಗಿ ಸ್ಕೂಲೇ ನಡೆಸುವ ಪತ್ರಿಕೆಯಾದರೆ, ಕಲಿಕೆಗೆ ಸಂಬಂಧಪಟ್ಟ ಒಪ್ಪುವಂಥ ಕಾರಣವಿದ್ದರೆ ಸ್ಕೂಲು ತಡೆಯಬಹುದು ಅಂತಾಯಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ 1977ರಿಂದಲೇ ವಿದ್ಯಾರ್ಥಿ ಪತ್ರಿಕೆಗಳನ್ನು ಕಾಪಾಡುವ ಕಾನೂನಿತ್ತು. ಅಶ್ಲೀಲ, ಮಾನಹಾನಿ, ಗಲಭೆಗೆ ಪ್ರಚೋದನೆ ಇಂಥ ಕಾರಣಗಳಿಗೆ ಮಾತ್ರ ತೆಗೆಯಬಹುದು. 2015ರಲ್ಲಿ ನಾರ್ತ್ ಡಕೋಟಾ ಕೂಡ ಅಂಥದ್ದೇ ಕಾನೂನು ಮಾಡಿತು. ಈಗ 15ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ.

ನಮ್ಮಲ್ಲಿ ಈ ಎರಡೂ ಇಲ್ಲ. ವಿದ್ಯಾರ್ಥಿ ಪತ್ರಿಕೆಯನ್ನೇ ಗಮನದಲ್ಲಿಟ್ಟು ಬರೆದ ಕಾನೂನು ಇಲ್ಲ, ಹೇಜಲ್‌ವುಡ್‌ನಂಥ ತೀರ್ಪೂ ಇಲ್ಲ. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. ಅದರ 13ನೇ ವಿಧಿ ಮಕ್ಕಳ ಅಭಿವ್ಯಕ್ತಿ ಹಕ್ಕನ್ನು ನೇರವಾಗಿಯೇ ಹೇಳುತ್ತದೆ. ಆದರೆ ಅದನ್ನು ಹಿಡಿದುಕೊಂಡು ಮ್ಯಾಗಜಿನ್ ಕಮಿಟಿ ಎದುರು ನಿಂತ ಹುಡುಗನನ್ನು ನಾನಂತೂ ನೋಡಿಲ್ಲ. ಮಲೆನಾಡಿನಲ್ಲಿ ಟ್ರಸ್ಟು, ಮಠ, ಸೊಸೈಟಿಗಳು ನಡೆಸುವ ಶಾಲೆ ಬೇಕಾದಷ್ಟಿವೆ. ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರ್ಕಾರದ ವಿರುದ್ಧ ಕೇಳುವಂಥವು, ಹಾಗಾಗಿ ಅಲ್ಲಿ ದಾರಿ ಇನ್ನೂ ಕಿರಿದು. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ದಶಕಗಳಾದವು. ಮ್ಯಾಗಜಿನ್‌ನ ವಿದ್ಯಾರ್ಥಿ ಸಂಪಾದಕರನ್ನು ಪ್ರಿನ್ಸಿಪಾಲರೇ ಆರಿಸಿದರೆ, ಆ ಸಂಪಾದಕರು ಯಾರ ಮುಖ ನೋಡುತ್ತಾರೆ ಅಂತ ಬೇರೆ ಹೇಳಬೇಕಾ?

ಇದರಲ್ಲಿ ಒಂದು ತಮಾಷೆ ಇದೆ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಆಗುತ್ತದೆ. ಅಲ್ಲಿ ಎಂಟನೇ ಕ್ಲಾಸಿನ ಹುಡುಗಿ ಎದ್ದು ನಿಂತು ಪಿಡಿಒ ಮುಂದೆ “ನಮ್ಮ ಶಾಲೆ ಶೌಚಾಲಯಕ್ಕೆ ನೀರಿಲ್ಲ, ಸಂಜೆ ಬಸ್ಸಿಲ್ಲ” ಅಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದೇ ಎರಡು ವಾಕ್ಯ ಶಾಲೆಯ ಗೋಡೆ ಪತ್ರಿಕೆಗೆ ಬಂದರೆ ಹೆಸರು ಹಾಳಾಗುತ್ತದೆ. ಪಂಚಾಯಿತಿ ಕಟ್ಟಡದಲ್ಲಿ ಹಕ್ಕು, ಶಾಲೆ ಕಟ್ಟಡದಲ್ಲಿ ಉದ್ಧಟತನ.

ಮೇಷ್ಟ್ರುಗಳ ಕಷ್ಟವೂ ಸುಳ್ಳಲ್ಲ. ಮ್ಯಾಗಜಿನ್‌ನಲ್ಲಿ ಯಾರದೋ ಮಾನಹಾನಿಯಾದರೆ ಕೇಸು ಬೀಳುವುದು ಪ್ರಕಾಶಕರ ಮೇಲೆ, ಅಂದರೆ ಸಂಸ್ಥೆಯ ಮೇಲೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ಹೊರಗೆ ಬರಬಾರದು. ಹೆಸರು ಮಾತ್ರ ಅಲ್ಲ, ಮನೆ, ಶಾಲೆ, ನೆರೆಹೊರೆ ಯಾವುದೂ. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ನಮ್ಮಂಥ ಊರುಗಳಲ್ಲಿ ‘ಕೆರೆ ಪಕ್ಕದ ಮನೆಯ ಹುಡುಗಿ’ ಅಂದರೂ ಸಾಕು, ಮುಗೀತು. ಇದನ್ನೆಲ್ಲ ಹದಿನಾಲ್ಕರ ಹುಡುಗರಿಗೆ ಯಾರಾದರೂ ಹೇಳಿಕೊಡಬೇಕು. ಮೇಲ್ವಿಚಾರಣೆ ಬೇಕಿರುವುದು ಇದಕ್ಕೆ. ಬಸ್ಸಿಲ್ಲ ಅನ್ನುವ ವರದಿಗೆ ಡಿಪೊ ಮ್ಯಾನೇಜರರನ್ನು ಕೇಳಿದೆಯಾ ಅಂತ ಕೇಳುವುದಕ್ಕೆ.

ಈಗ ಎಲ್ಲರ ಕೈಯಲ್ಲೂ ಫೋನಿದೆ. ಗೋಡೆ ಪತ್ರಿಕೆಯ ಗಾಜಿನ ಪೆಟ್ಟಿಗೆಗೆ ಬೀಗ ಹಾಕಿದರೆ ಹುಡುಗರು ಇನ್‌ಸ್ಟಾಗ್ರಾಂನಲ್ಲಿ ಹೆಸರಿಲ್ಲದ ಪೇಜ್ ಮಾಡುತ್ತಾರೆ. ಅಲ್ಲಿ ತಿದ್ದುವವರೂ ಇಲ್ಲ, ಹೊಣೆ ಹೊರುವವರೂ ಇಲ್ಲ, ಮೇಷ್ಟ್ರ ಮೇಲೆ ಬರೆದದ್ದರಲ್ಲಿ ನಿಜ ಎಷ್ಟು ಸುಳ್ಳೆಷ್ಟು ಅಂತ ಕೇಳುವವರೂ ಇಲ್ಲ. ಅಮೆರಿಕದಲ್ಲಿ 2021ರಲ್ಲಿ ಸ್ನ್ಯಾಪ್‌ಚಾಟ್ ಕೇಸೊಂದು ಸುಪ್ರೀಂ ಕೋರ್ಟಿಗೇ ಹೋಯಿತು. ರಜಾದಿನ ಸ್ಕೂಲಿನ ಹೊರಗೆ ಕೂತು ಕೆಟ್ಟ ಮಾತಿನ ಪೋಸ್ಟ್ ಹಾಕಿದ ಹುಡುಗಿ 8–1ರಲ್ಲಿ ಗೆದ್ದಳು. ಸ್ಕೂಲಿನ ಕೈ ಎಲ್ಲಾ ಕಡೆ ಚಾಚಲು ಆಗುವುದಿಲ್ಲ.

ದೊಡ್ಡ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಒಂದು ಹಾಳೆಯಲ್ಲಿ ನಿಯಮ ಬರೆದು ನೋಟಿಸ್ ಬೋರ್ಡಿಗೆ ಹಾಕಿದರೆ ಸಾಕು: ಯಾವುದನ್ನು ತೆಗೆಯುತ್ತೇವೆ, ತೆಗೆದರೆ ಕಾರಣ ಬರೆದು ಕೊಡುತ್ತೇವೆ, ತಿದ್ದಿ ತಂದರೆ ಮತ್ತೆ ನೋಡುತ್ತೇವೆ. ಇನ್ನೊಂದು, ಬರಹಗಳನ್ನು ಆಗಸ್ಟ್‌ನಲ್ಲೇ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಲಾಟೆ ಶುರುವಾದ ಮೇಲೆ, ಪ್ರೆಸ್‌ನವರು ದಿನಾ ಫೋನ್ ಮಾಡುತ್ತಿರುವಾಗ ಕೂತು ಓದಿದರೆ, ಅನುಮಾನ ಬಂದ ಪುಟವನ್ನು ಕಿತ್ತು ಹಾಕುವುದೇ ಸುಲಭ ಅನ್ನಿಸುತ್ತದೆ. ಹೇಜಲ್‌ವುಡ್ ಪ್ರಿನ್ಸಿಪಾಲರಿಗೂ ಹಾಗೇ ಅನ್ನಿಸಿತ್ತು.