ಆಟೋ ಮೀಟರ್‌ನಲ್ಲಿ ಬೀಜಗಣಿತ

ಸಮೀಕರಣ, ನಕ್ಷೆ, ಘಾತಾಂಕ ಇವು ಮೂರು ಬೇರೆ ಬೇರೆ ಪಾಠ ಅಂತ ಓದಿದ್ದರಿಂದಲೇ ನನಗೆ ಬೀಜಗಣಿತ ತಲೆಗೆ ಹತ್ತಿರಲಿಲ್ಲ. ಈಗ ಮೂರನ್ನೂ ಒಂದೇ ಲೆಕ್ಕದಲ್ಲಿ ನೋಡೋಣ.

ಬೆಂಗಳೂರಿನ ಆಟೋ ದರ ತಗೊಳ್ಳಿ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. (ಮೀಟರ್ ಹಾಕುತ್ತಾರಾ ಅನ್ನುವುದು ಬೇರೆ ಮಾತು!) ಇಳಿಯುವಾಗ ಮೀಟರ್ 90 ತೋರಿಸಿತು. ಎಷ್ಟು ದೂರ ಬಂದೆವು?

ದೂರ ಎಕ್ಸ್ ಆಗಿರಲಿ. ಮೊದಲ 2 ಕಿ.ಮೀ. ಕಳೆದು ಉಳಿದದ್ದಕ್ಕೆ ಮಾತ್ರ 18ರ ದರ, ಅಲ್ವಾ?

36 + 18(ಎಕ್ಸ್ − 2) = 90

ಜಾಸ್ತಿ ಜನ ಎಡವುವುದು ಇಲ್ಲೇ. ಎಕ್ಸ್ ಅನ್ನು ಮಾತ್ರ 18ರಿಂದ ಗುಣಿಸಿ, 2 ಅನ್ನು ಹಾಗೇ ಬಿಡುತ್ತಾರೆ. ಆಗ ಉತ್ತರ ಸುಮಾರು 3.1 ಬರುತ್ತದೆ. ಆದರೆ 3 ಕಿ.ಮೀ.ಗೆ ಆಗುವುದು ಬರೀ 54 ರೂಪಾಯಿ! ಆವರಣದೊಳಗಿನ ಎರಡನ್ನೂ ಗುಣಿಸಬೇಕು:

36 + 18ಎಕ್ಸ್ − 36 = 90
18ಎಕ್ಸ್ = 90
ಎಕ್ಸ್ = 5

ತಾಳೆ ನೋಡಿ: 36 + 18 × 3 = 90. ಸರಿಯಾಯಿತು.

36 ಹೇಗೆ ಹೊಡೆದುಹೋಯಿತು ನೋಡಿದಿರಾ? ಅಂದರೆ 2 ಕಿ.ಮೀ. ದಾಟಿದ ಮೇಲೆ ದರವನ್ನು ವೈ ಅಂದರೆ, ವೈ = 18ಎಕ್ಸ್ ಅಷ್ಟೇ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದೂರ, ಉದ್ದಕ್ಕೆ ದರ ಇಡಿ. ದರಕ್ಕೆ 1 ಸೆಂ.ಮೀ. = 18 ರೂಪಾಯಿ ಅಂತ ಪ್ರಮಾಣ ಇಟ್ಟುಕೊಂಡರೆ ಬಿಂದುಗಳು ಹಾಳೆಯ ಗೆರೆಗಳ ಮೇಲೇ ಕೂರುತ್ತವೆ: (2, 36), (3, 54), (5, 90). 2ರವರೆಗೆ ದರದ ಗೆರೆ ಮಲಗಿರುತ್ತದೆ, ಆಮೇಲೆ ನೇರವಾಗಿ ಏರುತ್ತದೆ. ಏರುವ ಗೆರೆಯನ್ನು ಸುಮ್ನೆ ಸ್ಕೇಲ್ ಇಟ್ಟು ಹಿಂದಕ್ಕೆ ಎಳೆಯಿರಿ, ಸರಿಯಾಗಿ ಸೊನ್ನೆಗೆ ಬಂದು ಮುಟ್ಟುತ್ತದೆ.

ಈಗ ಘಾತಾಂಕ. 2 ಕಿ.ಮೀ. ಆದಮೇಲೆ ಪ್ರತಿ ಕಿ.ಮೀ.ಗೂ ಒಟ್ಟು ದರ ದುಪ್ಪಟ್ಟಾಗುತ್ತದೆ ಅಂದುಕೊಳ್ಳಿ. 5ನೇ ಕಿ.ಮೀ.ಗೆ ಮೂರು ಸಲ ದುಪ್ಪಟ್ಟು: 36 × 2³. ಇಲ್ಲಿ 2³ ಅಂದರೆ 2 × 2 × 2 = 8. ಅದು 6 ಅಲ್ಲ, ನಾನೂ ಹಾಗೇ ಬರೆದು ಅಂಕ ಕಳೆದುಕೊಂಡಿದ್ದೇನೆ. ದರ 288 ರೂಪಾಯಿ.

2⁰ ಯಾಕೆ 1 ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. 2 ಕಿ.ಮೀ.ಯಲ್ಲಿ ಇನ್ನೂ ಒಮ್ಮೆಯೂ ದುಪ್ಪಟ್ಟಾಗಿಲ್ಲ, ಅಂದರೆ ದರ 36 × 2⁰, ಅದು 36 ಇರಲೇಬೇಕು. 2⁰ ಸೊನ್ನೆ ಆಗಿದ್ದರೆ ಸವಾರಿ ಪುಕ್ಕಟೆ!

ಇದರ ನಕ್ಷೆ ನೇರ ಗೆರೆಯಲ್ಲ, ಬಾಗುತ್ತಾ ಮೇಲಕ್ಕೆ ಹಾರುತ್ತದೆ. 12 ಕಿ.ಮೀ.ಗೆ 36 × 2¹⁰, ಅಂದರೆ 36,864 ರೂಪಾಯಿ. ಮೊದಲಿನ ಪ್ರಮಾಣದಲ್ಲೇ ಬಿಡಿಸಲು 20 ಮೀಟರ್‌ಗೂ ಉದ್ದದ ಹಾಳೆ ಬೇಕು.