ಕೋಲಾರದ ಹನ್ನೊಂದು ಹೆಸರುಗಳು: ಖಗೋಳ ಭೌತವಿಜ್ಞಾನಿಯ ಕೆಲಸವನ್ನು ಎಣಿಸುವ ಪದ್ಧತಿ ಬಂದ ದಾರಿ

1965ರ ಆಗಸ್ಟ್ 15ರಂದು ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಹನ್ನೊಂದು ಮಂದಿ ಸೇರಿ ಬರೆದ ಪುಟ್ಟ ಪ್ರಬಂಧವೊಂದು ಬಂತು. ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿಟ್ಟ ಉಪಕರಣಗಳಿಗೆ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತೆಂಬ ವರದಿ ಅದು. ದಕ್ಷಿಣ ಆಫ್ರಿಕದ ಗಣಿಯಲ್ಲಿ ಇದನ್ನೇ ಹುಡುಕುತ್ತಿದ್ದ ಫ್ರೆಡರಿಕ್ ರೈನ್ಸ್ ತಂಡದ ಪ್ರಬಂಧ ಹೊರಬಂದದ್ದು ಅದೇ ತಿಂಗಳ 30ರಂದು. ಕೋಲಾರದ ಲೇಖಕರ ಸಾಲಿನಲ್ಲಿ ಐದನೆಯವರು ಬಿ.ವಿ. ಶ್ರೀಕಂಠನ್: ನಂಜನಗೂಡಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್ಸಿ. ಮುಗಿಸಿ, ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು. ಅವರು 1950ರ ದಶಕದ ಮೊದಲಲ್ಲೇ ಆ ಗಣಿಗಿಳಿದು ಅಳತೆ ಶುರು ಮಾಡಿದ್ದರು. ಹೆಸರು ಐದನೆಯದಾಗಲು ಕಾರಣ ಅಕ್ಷರಾನುಕ್ರಮ, ಅಷ್ಟೇ: ಟಾಟಾ ಸಂಸ್ಥೆಯ ಐವರು, ಜಪಾನಿನ ಒಸಾಕದ ಇಬ್ಬರು, ಇಂಗ್ಲೆಂಡಿನ ಡರಮ್‌ನ ನಾಲ್ವರು, ಪ್ರತಿ ಗುಂಪಿನೊಳಗೂ ಇಂಗ್ಲಿಷ್ ವರ್ಣಮಾಲೆಯ ಸಾಲು.

ಇದೇ ಪ್ರಬಂಧವನ್ನು ಯುಜಿಸಿಯ 2018ರ ನಿಯಮಾವಳಿಯ ಕೋಷ್ಟಕಕ್ಕೆ ಹಾಕಿ ನೋಡೋಣ. ಮೈಸೂರು, ಮಂಡ್ಯದ ಅಧ್ಯಾಪಕರು ಬಡ್ತಿಯ ಅರ್ಜಿಯಲ್ಲಿ ತುಂಬುವ ಸಂಶೋಧನಾ ಅಂಕ ಬರುವುದು ಅಲ್ಲಿಂದಲೇ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳಿಗೆ ಬೇರೆ ಪ್ರಬಂಧಗಳಲ್ಲಿ ಸರಾಸರಿ ಸಿಗುವ ಉಲ್ಲೇಖ) 2ರಿಂದ 5ರೊಳಗಿದ್ದರೆ 20 ಅಂಕ, 5ರಿಂದ 10ರೊಳಗಿದ್ದರೆ 25. ಇಬ್ಬರೇ ಲೇಖಕರಾದರೆ ತಲಾ ಶೇ 70. ಇಬ್ಬರಿಗಿಂತ ಹೆಚ್ಚಾದರೆ ಮೊದಲ, ಪ್ರಧಾನ ಅಥವಾ ಸಂಪರ್ಕ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. 20 ಅಂಕದ ಜರ್ನಲ್ ಎಂದು ಹಿಡಿದರೆ ಸಾಲಿನ ಮೊದಲ ಹೆಸರಿಗೆ 14, ಶ್ರೀಕಂಠನ್ ಅವರಿಗೆ 6. ಆ ಪ್ರಬಂಧವನ್ನು ನ್ಯೂಟ್ರಿನೊ ವಿಜ್ಞಾನದವರು ಇಂದಿಗೂ ಉಲ್ಲೇಖಿಸುತ್ತಾರೆ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಅಂಕ ಸಿಗುವುದು ಪತ್ರಿಕೆಯ ಸರಾಸರಿಗೆ, ಪ್ರಬಂಧಕ್ಕಲ್ಲ.

ಉಲ್ಲೇಖಗಳ ಎಣಿಕೆ ಹುಟ್ಟಿದ್ದು ಇದಕ್ಕಾಗಿ ಅಲ್ಲ. 1955ರಲ್ಲಿ ಯೂಜೀನ್ ಗಾರ್‌ಫೀಲ್ಡ್ ‘ಸೈನ್ಸ್’ ಪತ್ರಿಕೆಯಲ್ಲಿ ಉಲ್ಲೇಖ ಸೂಚಿಯ ಕಲ್ಪನೆಯನ್ನು ಮುಂದಿಟ್ಟರು. ಅಮೆರಿಕದ ವಕೀಲರು ಹಳೆಯ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಕೊಂಡವು ಎಂದು ಹುಡುಕಲು ಬಳಸುತ್ತಿದ್ದ ಸೂಚಿಯೇ ಅದಕ್ಕೆ ಮಾದರಿ. ಒಂದು ಪ್ರಬಂಧ ಕೈಗೆ ಸಿಕ್ಕಿದರೆ ಅದರ ನಂತರ ಆ ವಿಷಯ ಎತ್ತ ಹೋಯಿತೆಂದು ತಿಳಿಯಬೇಕು, ಉದ್ದೇಶ ಅಷ್ಟೇ. 1960ರ ದಶಕದಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂತು. 1975ರಿಂದ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ವರದಿಗಳು ಬಂದವು. ಹಿಂದಿನ ಎರಡು ವರ್ಷ ಪತ್ರಿಕೆಯೊಂದು ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಗ್ರಂಥಾಲಯ ಯಾವ ಪತ್ರಿಕೆಗೆ ಚಂದಾ ಕಟ್ಟಬೇಕೆಂದು ನಿರ್ಧರಿಸಲು ಅದು ಸಾಕು. ಮನುಷ್ಯನನ್ನು ಅಳೆಯಲು ಸಾಲದು.

ಮನುಷ್ಯನನ್ನೇ ಅಳೆಯುವ ಅಂಕಿ 2005ರಲ್ಲಿ ಬಂತು. ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಕೊಟ್ಟ ಎಚ್-ಇಂಡೆಕ್ಸ್ ಲೆಕ್ಕ ಸುಲಭ. ಪ್ರಬಂಧಗಳನ್ನು ಉಲ್ಲೇಖದ ಇಳಿಕೆ ಕ್ರಮದಲ್ಲಿ ಬರೆಯಿರಿ: 140, 60, 33, 21, 12, 9, 8, 7, 7, 3. ಸಾಲಿನಲ್ಲಿ ಪ್ರಬಂಧದ ಸ್ಥಾನಕ್ಕಿಂತ ಉಲ್ಲೇಖ ಕಡಿಮೆಯಾಗದ ಕೊನೆಯ ಸ್ಥಾನವೇ ಎಚ್. ಏಳನೆಯದಕ್ಕೆ 8 ಇದೆ, ಸರಿ. ಎಂಟನೆಯದಕ್ಕೆ 7 ಮಾತ್ರ. ಹಾಗಾಗಿ ಎಚ್ 7. ಮೊದಲ ಪ್ರಬಂಧಕ್ಕೆ 140ರ ಬದಲು 14,000 ಉಲ್ಲೇಖ ಬಂದರೂ ಎಚ್ 7ರಲ್ಲೇ ನಿಲ್ಲುತ್ತದೆ. ಅದು ಎಂದೂ ಇಳಿಯುವುದಿಲ್ಲ, ವಯಸ್ಸಿನ ಜೊತೆ ಏರುತ್ತದೆ. ಆದ್ದರಿಂದಲೇ ಸಂಶೋಧನೆಯ ವರ್ಷಗಳಿಂದ ಅದನ್ನು ಭಾಗಿಸಿ ನೋಡಬೇಕೆಂದು ಹಿರ್ಷ್ ಅವರೇ ಹೇಳಿದ್ದರು. ಹೆಚ್ಚಿನ ಸಮಿತಿಗಳು ಭಾಗಿಸುವುದಿಲ್ಲ.

ಖಗೋಳ ವಿಜ್ಞಾನಕ್ಕೆ ಬೇರೆ ಹಲವು ವಿಷಯಗಳಿಗಿಲ್ಲದ ಒಂದು ಅನುಕೂಲವಿದೆ. ನಾಸಾದ ನೆರವಿನಿಂದ ಸ್ಮಿತ್ಸೋನಿಯನ್ ಖಗೋಳಭೌತ ವೀಕ್ಷಣಾಲಯ ನಡೆಸುವ ಎಡಿಎಸ್ ಎಂಬ ಪ್ರಬಂಧಗಳ ದತ್ತಸಂಚಯ 1990ರ ದಶಕದ ಆರಂಭದಿಂದ ಎಲ್ಲರಿಗೂ ಉಚಿತ. ಮಾನಸಗಂಗೋತ್ರಿಯ ವಿದ್ಯಾರ್ಥಿಗೂ ಹಾರ್ವರ್ಡ್‌ನ ಪ್ರಾಧ್ಯಾಪಕರಿಗೂ ಕಾಣುವುದು ಒಂದೇ ಪಟ್ಟಿ. ಹುಡುಕಿದ ಪಟ್ಟಿಯ ಮೇಲೆ ‘ಸೈಟೇಷನ್ ಮೆಟ್ರಿಕ್ಸ್’ ಒತ್ತಿದರೆ ಎಲ್ಲ ಪ್ರಬಂಧಗಳಿಗೆ ಒಂದು ಕಂಬಸಾಲು, ತಜ್ಞರ ಪರಿಶೀಲನೆ ದಾಟಿದವಕ್ಕೆ ಇನ್ನೊಂದು. ಅರ್ಜಿಗೆ ಎರಡನೆಯದನ್ನೇ ಬರೆಯಿರಿ. ಅಲ್ಲೇ ಇರುವ ‘ನಾರ್ಮಲೈಸ್ಡ್ ಸೈಟೇಷನ್ಸ್’ ಪ್ರತಿ ಪ್ರಬಂಧದ ಉಲ್ಲೇಖವನ್ನು ಅದರ ಲೇಖಕರ ಸಂಖ್ಯೆಯಿಂದ ಭಾಗಿಸಿ ಕೂಡಿದ ಅಂಕಿ. 2012ರಲ್ಲಿ ಪೆಪೆ ಮತ್ತು ಕರ್ಟ್ಜ್ ಸೂಚಿಸಿದ ‘ಟೋರಿ’ ಎಂಬ ಅಂಕಿ ಇನ್ನೂ ಒಂದು ಹೆಜ್ಜೆ ಮುಂದೆ: ತನ್ನನ್ನು ತಾನೇ ಉಲ್ಲೇಖಿಸಿದ್ದನ್ನು ತೆಗೆದುಹಾಕುತ್ತದೆ, ಉಲ್ಲೇಖಿಸಿದವರ ಆಕರ ಪಟ್ಟಿ ಉದ್ದವಾದಷ್ಟೂ ತೂಕ ಕಡಿಮೆ ಮಾಡುತ್ತದೆ.

ಲೇಖಕರ ಸಂಖ್ಯೆಯಿಂದ ಮಾಡುವ ಈ ಭಾಗಾಕಾರ ಏಕೆ ಮುಖ್ಯವೆಂದರೆ, 2016ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಬಂದ ಗುರುತ್ವ ಅಲೆಗಳ ಮೊದಲ ಪ್ರಬಂಧಕ್ಕೆ ಸಾವಿರಕ್ಕೂ ಹೆಚ್ಚು ಲೇಖಕರು. ಯುಜಿಸಿ ಕೋಷ್ಟಕದಂತೆ 25 ಅಂಕದ ಶೇ 30, ಅಂದರೆ ಮೊದಲ ಲೇಖಕರನ್ನು ಬಿಟ್ಟು ಪ್ರತಿಯೊಬ್ಬರಿಗೂ 7.5. ಒಂದೇ ಪ್ರಬಂಧ ಏಳು ಸಾವಿರಕ್ಕೂ ಹೆಚ್ಚು ಅಂಕ ಹಂಚುತ್ತದೆ! ವರ್ಷಗಟ್ಟಲೆ ಲೇಸರ್ ಉಪಕರಣ ಕಟ್ಟಿದವರಿಗೂ ಕೊನೆಯ ಹಂತದಲ್ಲಿ ಸೇರಿದವರಿಗೂ ಅದೇ ಅಂಕಿ. ಇಂಥ ತಂಡದವರು ಅರ್ಜಿಯ ಜೊತೆ ತಮ್ಮ ಪಾಲಿನ ಕೆಲಸವನ್ನು ಎರಡು ಸಾಲಿನಲ್ಲಿ ಬರೆದು, ತಂಡದೊಳಗೆ ಬರೆದ ಆಂತರಿಕ ಟಿಪ್ಪಣಿ ಇದ್ದರೆ ಅದನ್ನೂ ಲಗತ್ತಿಸಬೇಕು. ಕೇಳದಿದ್ದರೂ ಕೊಡಬೇಕು.

ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಹೆಚ್ಚು ನಷ್ಟ ತರುವುದು ಹೆಸರು. ಶ್ರೀಕಂಠನ್ ಅವರ ಇನಿಷಿಯಲ್‌ನ ‘ಬಿ’ ನಂಜನಗೂಡು ತಾಲ್ಲೂಕಿನ ಬದನವಾಳು. ಊರು, ತಂದೆ, ತಾನು ಎಂಬ ಈ ಕ್ರಮ ಜರ್ನಲ್‌ಗಳ ನಮೂನೆಗೆ ಹೊಂದುವುದಿಲ್ಲ. ‘ಮಹೇಶ್ ಎಸ್.’ ಎಂದು ಬರೆದರೆ ತಂತ್ರಾಂಶ ‘ಎಸ್’ ಅನ್ನೇ ಕುಲನಾಮವೆಂದು ಹಿಡಿಯುತ್ತದೆ. ಪಾಸ್‌ಪೋರ್ಟ್ ಆದಮೇಲೆ ಅದೇ ಮಹೇಶ್ ‘ಮಹೇಶ್ ಶಿವಣ್ಣ’ ಆಗುತ್ತಾರೆ, ಉಲ್ಲೇಖಗಳು ಎರಡು ಕಡೆ ಒಡೆಯುತ್ತವೆ. ಮಂಡ್ಯದ ‘ಕೆ. ಗೌಡ’ನದು ಇದಕ್ಕೆ ತಿರುಗುಮುರುಗು: ಹತ್ತಾರು ಜನರ ಪ್ರಬಂಧಗಳು ಒಂದೇ ಹೆಸರಿನಡಿ ಬೀಳುತ್ತವೆ, ಗೂಗಲ್ ಸ್ಕಾಲರ್ ಅವನ್ನು ನಿಮ್ಮ ಖಾತೆಗೆ ತಾನಾಗಿಯೇ ಸೇರಿಸುವುದೂ ಉಂಟು. ಮೊದಲ ಪ್ರಬಂಧಕ್ಕೆ ಮುಂಚೆಯೇ ಹೆಸರಿನ ಒಂದು ರೂಪ ಆರಿಸಿಕೊಳ್ಳಿ. ಸಂಶೋಧಕರಿಗೆ ಕೊಡುವ 16 ಅಂಕಿಗಳ ಆರ್ಕಿಡ್ (ORCID) ಗುರುತುಸಂಖ್ಯೆ ಪಡೆದು ಪ್ರತಿ ಸಲ್ಲಿಕೆಯಲ್ಲೂ ನಮೂದಿಸಿ. ಹಳೆಯವನ್ನು ಎಡಿಎಸ್‌ನಲ್ಲಿ ಹೆಸರಿನ ಎಲ್ಲ ರೂಪಗಳಲ್ಲೂ ಹುಡುಕಿ ಆ ಸಂಖ್ಯೆಗೆ ಸೇರಿಸಿ. ಹುಡುಕುವಾಗ ಕುಲನಾಮ, ಅಲ್ಪವಿರಾಮ, ಇನಿಷಿಯಲ್ ಈ ಕ್ರಮ ಇರಲಿ, ಇಡೀ ಹೆಸರು ಉದ್ಧರಣ ಚಿಹ್ನೆಯೊಳಗಿರಲಿ.

ಎಷ್ಟು ಹುಡುಕಿದರೂ ಕೆಲವು ಸಿಗುವುದಿಲ್ಲ. ಎಡಿಎಸ್ ಆಕರ ಪಟ್ಟಿಯ ವರ್ಷ, ಸಂಪುಟ, ಪುಟಗಳನ್ನು ತಾಳೆ ಹಾಕಿ ಉಲ್ಲೇಖ ಎಣಿಸುತ್ತದೆ. ಪುಟಸಂಖ್ಯೆ ತಪ್ಪಿದರೆ ಎಣಿಕೆ ತಪ್ಪಬಹುದು. ಸಮ್ಮೇಳನಗಳ ಹಳೆಯ ಸಂಪುಟಗಳದಂತೂ ದೊಡ್ಡ ಅಂತರ; 1963ರಲ್ಲಿ ಜೈಪುರದಲ್ಲಿ ನಡೆದ ಕಾಸ್ಮಿಕ್ ಕಿರಣ ಸಮ್ಮೇಳನದಂಥ ಕಡೆಯ ಬರಹಗಳನ್ನು ಕೈಯಿಂದಲೇ ಹುಡುಕಬೇಕಾಗಬಹುದು. ಕಣಭೌತವಿಜ್ಞಾನದ ಕಡೆಯಿಂದ ಬಂದ ಉಲ್ಲೇಖಗಳಿಗೆ ಇನ್‌ಸ್ಪೈರ್ ದತ್ತಸಂಚಯವನ್ನೂ ನೋಡಬೇಕು. ಎಡಿಎಸ್, ಸ್ಕೋಪಸ್, ಗೂಗಲ್ ಸ್ಕಾಲರ್ ಒಬ್ಬರಿಗೇ ಮೂರು ಬೇರೆ ಎಚ್ ಕೊಡುತ್ತವೆ, ಏಕೆಂದರೆ ಅವು ಎಣಿಸುವ ಪತ್ರಿಕೆಗಳೇ ಬೇರೆ. ಅರ್ಜಿಯಲ್ಲಿ ಅಂಕಿಯ ಪಕ್ಕದಲ್ಲಿ ಯಾವ ದತ್ತಸಂಚಯ, ಯಾವ ತಾರೀಖು ಎಂದು ಬರೆಯದಿದ್ದರೆ ಪರಿಶೀಲಿಸುವವರಿಗೆ ಅದನ್ನು ಸರಿನೋಡಲು ದಾರಿ ಇರುವುದಿಲ್ಲ.