ಆರು ವಾರದ ಲೆಕ್ಕ ಗರ್ಭಕೋಶಕ್ಕೆ ಮಾತ್ರ

ಹೆರಿಗೆಯಾದ ಹೊತ್ತಿಗೆ ಗರ್ಭಕೋಶ ಸುಮಾರು 1 ಕೆಜಿ ತೂಗುತ್ತದೆ. ಅದರ ಮೇಲ್ತುದಿ ಹೊಕ್ಕುಳಿನ ಹತ್ತಿರ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಅಲ್ಲಿಂದ ದಿನಕ್ಕೆ ಹೆಚ್ಚುಕಡಿಮೆ 1 ಸೆಂ.ಮೀ. ಇಳಿಯುತ್ತಾ, ಎರಡು ವಾರದ ಹೊತ್ತಿಗೆ ಹೊಟ್ಟೆ ಒತ್ತಿ ನೋಡಿದರೂ ಸಿಗದಷ್ಟು ಕೆಳಗೆ ಹೋಗಿರುತ್ತದೆ. ಆರು ವಾರಕ್ಕೆ ಅದರ ತೂಕ 100 ಗ್ರಾಂಗಿಂತ ಕಡಿಮೆ. ಮೈಯಲ್ಲಿ ಇಷ್ಟು ಬೇಗ ಇಷ್ಟು ಚಿಕ್ಕದಾಗುವ ಅಂಗ ಇನ್ನೊಂದಿಲ್ಲ.

ಈ ಆರು ವಾರದ ಗಡುವನ್ನೇ ನಾವು ಇಡೀ ಮೈಗೆ ಹಾಕಿಬಿಟ್ಟಿದ್ದೇವೆ. ಆರು ವಾರದ ತಪಾಸಣೆಯಲ್ಲಿ 'ಎಲ್ಲ ಸರಿ ಇದೆ' ಎಂದು ಡಾಕ್ಟರು ಹೇಳಿದರೆ, ಗರ್ಭಕೋಶ ಇಳಿದಿದೆ, ಹೊಲಿಗೆ ಮಾಗಿದೆ ಎಂದಷ್ಟೇ ಅರ್ಥ. ಕೇಳಿಸಿಕೊಂಡವರು ಮನೆಗೆ ಹೋಗಿ ಕನ್ನಡಿ ಮುಂದೆ ನಿಂತರೆ ಹೊಟ್ಟೆ ಹಾಗೇ ಇರುತ್ತದೆ. ಸೀನಿದರೆ ಬಟ್ಟೆ ಒದ್ದೆಯಾಗುತ್ತದೆ. 'ಎಲ್ಲರಿಗೂ ಸರಿಹೋಗಿದೆ, ನನಗೆ ಮಾತ್ರ ಏನೋ ಆಗಿದೆ' ಎಂಬ ಚಿಂತೆ ಶುರುವಾಗುತ್ತದೆ.

ಹಾಗೇನಿಲ್ಲ. ಕೂದಲಿಗೆ ಒಂದು ವೇಗ, ಸ್ನಾಯುವಿಗೆ ಇನ್ನೊಂದು, ಮೂಳೆಗೆ ಮತ್ತೊಂದು. ಕೆಲವು ಬದಲಾವಣೆ ತಾನಾಗಿ ಸರಿಹೋಗುತ್ತದೆ, ಕೆಲವು ಹಾಗೇ ಉಳಿಯುತ್ತದೆ. ಇನ್ನು ಕೆಲವು ಆಗುವುದು ಹೆರಿಗೆಯ ದಿನ, ಕಾಣಿಸುವುದು ಇಪ್ಪತ್ತು ವರ್ಷದ ಮೇಲೆ. ನನ್ನ ಹತ್ತಿರ ಬರುವವರಲ್ಲಿ ನಾನು ಕಾಣುವುದೇನೆಂದರೆ, ತಾನಾಗಿ ಹೋಗುವುದಕ್ಕೆ ನಿದ್ದೆಗೆಟ್ಟು ಚಿಂತೆ ಮಾಡುತ್ತಾರೆ, ಚಿಕಿತ್ಸೆ ಇರುವುದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ.

ಮೊದಲು ಸಣ್ಣಪುಟ್ಟವು. ಕೂದಲು ಉದುರುವುದು ಹೆರಿಗೆಯಾದ ಎರಡರಿಂದ ನಾಲ್ಕು ತಿಂಗಳಿಗೆ ಜೋರಾಗುತ್ತದೆ. ಬಸುರಿನಲ್ಲಿ ಉದುರದೆ ನಿಂತಿದ್ದ ಕೂದಲು ಈಗ ಒಟ್ಟಿಗೆ ಉದುರುತ್ತಿದೆ, ಅಷ್ಟೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಹುತೇಕ ಸರಿಹೋಗುತ್ತದೆ. ಅಷ್ಟಾದರೂ ನಿಲ್ಲದಿದ್ದರೆ, ಅಥವಾ ಜೊತೆಗೆ ವಿಪರೀತ ಸುಸ್ತು, ಎದೆಬಡಿತ ಇದ್ದರೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿ. ಹೆರಿಗೆಯ ನಂತರದ ವರ್ಷದಲ್ಲಿ 100ರಲ್ಲಿ 5ರಿಂದ 10 ಮಂದಿಗೆ ಥೈರಾಯ್ಡ್ ಏರುಪೇರಾಗುತ್ತದೆ. ಅದನ್ನು ನಿದ್ದೆಗೆಟ್ಟ ಸುಸ್ತು ಎಂದುಕೊಂಡು ಬಿಟ್ಟುಬಿಡುವುದು ಸುಲಭ.

ಸ್ಟ್ರೆಚ್ ಮಾರ್ಕ್ ಕೆಂಪು ಬಣ್ಣ ಬಿಟ್ಟು ಬೆಳ್ಳಗಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಯಾವ ಕ್ರೀಮು ಅದನ್ನು ಅಳಿಸುತ್ತದೆ ಎಂದು ಹೇಳಿದರೂ ನಂಬಬೇಡಿ. ಪಾದ ಕೆಲವರಿಗೆ ಅರ್ಧ ಸೈಜು ದೊಡ್ಡದಾಗುತ್ತದೆ. ಪಾದದ ಕಮಾನು ಸ್ವಲ್ಪ ತಗ್ಗಿ ಹಾಗೇ ನಿಲ್ಲುವುದರಿಂದ ಹೀಗೆ. ಹಳೇ ಚಪ್ಪಲಿ ಬಿಗಿಯಾದರೆ ಅದು ಊತ ಇರಲೇಬೇಕೆಂದಿಲ್ಲ. ಇನ್ನು ಎದೆಹಾಲು ಕುಡಿಸಿದರೆ ಸ್ತನ ಜೋಲುತ್ತದೆ ಎಂಬ ಮಾತು. ಜೋಲುವುದಕ್ಕೆ ಕಾರಣ ಬಸಿರು, ವಯಸ್ಸು, ಮೈತೂಕ, ಸಿಗರೇಟು. ಹಾಲು ಕುಡಿಸುವುದಲ್ಲ. ಕುಡಿಸದೆ ಇದ್ದವರಿಗೂ ಅದು ತಪ್ಪುವುದಿಲ್ಲ.

ಹೊಟ್ಟೆಯ ವಿಷಯ ಸ್ವಲ್ಪ ದೊಡ್ಡದು. ಹೊಟ್ಟೆಯ ಮುಂಭಾಗದಲ್ಲಿ ಮೇಲಿಂದ ಕೆಳಕ್ಕೆ ಎರಡು ಪಟ್ಟಿ ಸ್ನಾಯು ಇರುತ್ತವೆ. ನಡುವೆ ಅವೆರಡನ್ನು ಹಿಡಿದಿಡುವ ಒಂದು ಬಿಳಿ ಪದರ. ಬಸುರಿನ ಕೊನೆಯಲ್ಲಿ ಈ ಪದರ ಎಳೆದು ಅಗಲವಾಗುತ್ತದೆ, ಸ್ನಾಯುಗಳು ದೂರ ಸರಿಯುತ್ತವೆ. ಇದು ಹೆಚ್ಚುಕಡಿಮೆ ಎಲ್ಲ ಬಸುರಿಯರಿಗೂ ಆಗುತ್ತದೆ. ಹೆರಿಗೆಯಾದ ಮೊದಲ ಕೆಲವು ವಾರದಲ್ಲಿ ಬಹಳಷ್ಟು ಹತ್ತಿರ ಬರುತ್ತವೆ, ಆಮೇಲೆ ನಿಧಾನ. ವರ್ಷ ಕಳೆದರೂ ಸುಮಾರು ಮೂರರಲ್ಲಿ ಒಬ್ಬರಿಗೆ ಅಂತರ ಉಳಿದಿರುತ್ತದೆ.

ಇದನ್ನು ನೀವೇ ನೋಡಿಕೊಳ್ಳಬಹುದು. ಮೊಣಕಾಲು ಮಡಚಿ ಅಂಗಾತ ಮಲಗಿ. ತಲೆ ಮತ್ತು ಭುಜ ಸ್ವಲ್ಪ ಎತ್ತಿ. ಹೊಕ್ಕುಳಿನ ಮೇಲೆ ಕೆಳಗೆ ಬೆರಳು ಅಡ್ಡ ಇಟ್ಟು ಒತ್ತಿ. ಎರಡು ಬೆರಳಿಗಿಂತ ಜಾಸ್ತಿ ಒಳಗಿಳಿದರೆ, ಅಥವಾ ನಡುವೆ ದಿಬ್ಬದ ಹಾಗೆ ಏನಾದರೂ ಉಬ್ಬಿದರೆ, ಅಂತರ ಉಳಿದಿದೆ ಎಂದರ್ಥ. ಅದನ್ನು ಕೊಬ್ಬು ಎಂದುಕೊಂಡು ಊಟ ಬಿಟ್ಟು ಸೊರಗುವವರನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಊಟ ಬಿಟ್ಟರೆ ಸ್ನಾಯು ಕೂಡುವುದಿಲ್ಲ. ಮೊದಲ ದಿನಗಳಲ್ಲೇ ಸಿಟ್-ಅಪ್ ಹೊಡೆದರೂ ಕೂಡುವುದಿಲ್ಲ, ಹೊಟ್ಟೆಯೊಳಗಿನ ಒತ್ತಡ ಹೆಚ್ಚಾಗಿ ಮಧ್ಯಭಾಗ ಇನ್ನಷ್ಟು ಉಬ್ಬಬಹುದು. ಬೆಲ್ಟ್ ಕಟ್ಟಿರುವಷ್ಟು ಹೊತ್ತು ಹಿತ, ಬಿಚ್ಚಿದ ಮೇಲೆ ಮೊದಲಿನ ಹಾಗೆಯೇ. ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುವುದರಿಂದ ಶುರು ಮಾಡಿ, ವಾರ ವಾರ ಸ್ವಲ್ಪ ಸ್ವಲ್ಪ ಏರಿಸಬೇಕು. ಗೊತ್ತಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಒಂದೆರಡು ಸಲ ಕಲಿತರೆ ಸಾಕು. ಸ್ವಲ್ಪ ಅಂತರ ಉಳಿದರೂ ಸ್ನಾಯುವಿಗೆ ಬಲ ಬಂದರೆ ದಿನದ ಕೆಲಸಕ್ಕೆ ತೊಂದರೆಯಾಗುವುದಿಲ್ಲ.

ಈಗ ಯಾರೂ ಕೇಳದ ವಿಷಯಕ್ಕೆ ಬರೋಣ. ಬೇರೆ ಯಾವುದಕ್ಕೋ ತೋರಿಸಿಕೊಂಡು, ಎದ್ದು ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ ಹೇಳುವ ಮಾತಿದು: 'ಡಾಕ್ಟ್ರೇ, ಕೆಮ್ಮಿದ್ರೆ ಸ್ವಲ್ಪ ಮೂತ್ರ ಹೋಗುತ್ತೆ. ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ?' ಇದ್ದದ್ದು ಹೌದು. ಹೆತ್ತವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇರುತ್ತದೆ. ಹಾಗೆಂದು ಸಹಿಸಿಕೊಂಡೇ ಇರಬೇಕು ಎಂದೇನಿಲ್ಲ.

ಮುಂದಿನ ಗುಪ್ತಾಂಗದ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿಯ ಹಾಗೆ ಕಟ್ಟಿದ ಒಂದು ಸ್ನಾಯು ಇದೆ. ಪೆಲ್ವಿಕ್ ಫ್ಲೋರ್ ಎನ್ನುತ್ತೇವೆ. ಮೂತ್ರಕೋಶ, ಗರ್ಭಕೋಶ, ದೊಡ್ಡ ಕರುಳಿನ ಕೊನೆ ಎಲ್ಲವೂ ಅದರ ಮೇಲೆ ಕೂತಿವೆ. ಮಗುವಿನ ತಲೆ ಹೊರಬರುವಾಗ ಈ ಸ್ನಾಯುವಿನ ಕೆಲವು ಭಾಗ ತನ್ನ ಉದ್ದದ ಮೂರು ಪಟ್ಟು ಎಳೆಯುತ್ತದೆ. ಕಾಲಿನ ಸ್ನಾಯುವನ್ನು ಅಷ್ಟು ಎಳೆದರೆ ಹರಿದೇಹೋಗುತ್ತದೆ. ಇದು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಕೆಲವರಲ್ಲಿ ಒಂದು ಬದಿ ಮೂಳೆಯಿಂದ ಕಿತ್ತುಬರುತ್ತದೆ. ಚಿಮುಟ ಹಾಕಿ ಮಗುವನ್ನು ಎಳೆದಿದ್ದರೆ ಆ ಸಾಧ್ಯತೆ ಜಾಸ್ತಿ. ಹೊರಗಿನ ಹೊಲಿಗೆ ಚೆನ್ನಾಗಿ ಮಾಗಿದ್ದರೂ ಒಳಗಿನ ಈ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಸಿಸೇರಿಯನ್ ಆದವರಿಗೆ ಈ ಅಪಾಯ ಕಡಿಮೆ. ಆದರೂ ಒಂಬತ್ತು ತಿಂಗಳು ಭಾರ ಹೊತ್ತ ಸ್ನಾಯು ಅವರದ್ದೂ ಹೌದಲ್ಲ, ಪೂರ್ತಿ ಪಾರು ಎನ್ನುವ ಹಾಗಿಲ್ಲ.

ಇದಕ್ಕೆ ಮೊದಲ ಚಿಕಿತ್ಸೆ ವ್ಯಾಯಾಮ. ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದದ್ದು, ಹೆಸರೂ ಅವರದ್ದೇ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವ ಹಾಗೆ ಸ್ನಾಯು ಬಿಗಿದು ಮೇಲಕ್ಕೆ ಎಳೆದುಕೊಳ್ಳಬೇಕು. ಕೆಲವು ಸೆಕೆಂಡು ಹಿಡಿದು ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ, ಕಡಿಮೆಯೆಂದರೆ 3 ತಿಂಗಳು. ಓದಲು ಸುಲಭ. ಆದರೆ ತುಂಬಾ ಜನ ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ. ಪೃಷ್ಠ ಬಿಗಿಯುತ್ತಾರೆ, ಉಸಿರು ಕಟ್ಟುತ್ತಾರೆ. ತಿಂಗಳುಗಟ್ಟಲೆ ಹೀಗೆ ಮಾಡಿ 'ಏನೂ ಪ್ರಯೋಜನ ಆಗಲಿಲ್ಲ' ಎನ್ನುತ್ತಾರೆ. ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಸರಿಯಾದ ಸ್ನಾಯು ಬಿಗಿಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಹೋಗಬಹುದು. ಒಂದು ಉಪಾಯ ಮಾತ್ರ ಬೇಗ ಕೈಗೆ ಹತ್ತುತ್ತದೆ: ಕೆಮ್ಮು, ಸೀನು ಬರುವ ಕ್ಷಣಕ್ಕೆ ಮುಂಚೆ ಸ್ನಾಯು ಬಿಗಿದುಕೊಳ್ಳುವುದು. ಇನ್ನೊಂದು ಮಾತು. ಕೆಲವರಿಗೆ ಆ ಸ್ನಾಯು ಸಡಿಲವಾಗಿರುವುದಿಲ್ಲ, ಅತಿಯಾಗಿ ಬಿಗಿದುಕೊಂಡು ನೋಯುತ್ತಿರುತ್ತದೆ. ಅವರಿಗೆ ಕೆಗೆಲ್ ನೋವು ಹೆಚ್ಚಿಸಬಹುದು. ಹಾಗಾಗಿಯೇ ಎಲ್ಲರಿಗೂ ಕಣ್ಣುಮುಚ್ಚಿ ಇದನ್ನೇ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಗಾಳಿ ಅಥವಾ ಮಲ ತಡೆಯಲು ಆಗದಿದ್ದರೆ ವ್ಯಾಯಾಮ ಮಾಡುತ್ತಾ ಕಾಯಬೇಡಿ. ಹೆರಿಗೆಯಲ್ಲಿ ಗುದದ್ವಾರದ ಸ್ನಾಯು ಹರಿದಿರಬಹುದು. ಡಾಕ್ಟರಿಗೆ ನೇರ ಹೇಳಿ. ನಮಗೆ ಇದರಲ್ಲಿ ಅಸಹ್ಯ ಏನೂ ಅನಿಸುವುದಿಲ್ಲ.

ಇಪ್ಪತ್ತೈದರಲ್ಲಿ ಆದ ಪೆಟ್ಟು ಐವತ್ತರಲ್ಲಿ ಕಾಣಿಸುವುದು ಇದೇ ಜಾಗದಲ್ಲಿ. ಇಷ್ಟು ವರ್ಷ ಅಕ್ಕಪಕ್ಕದ ಸ್ನಾಯುಗಳು ಹೇಗೋ ನಿಭಾಯಿಸಿರುತ್ತವೆ. ಮುಟ್ಟು ನಿಂತು, ಅಂಡಾಶಯ ತಯಾರಿಸುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿದಾಗ ಅವೂ ಸೋಲುತ್ತವೆ. ಹಳೇ ಮಲಬದ್ಧತೆ, ಬಿಡದ ಕೆಮ್ಮು, ಏರಿದ ತೂಕ ಜೊತೆಗೂಡಿದರೆ ಗರ್ಭಕೋಶವೋ ಮೂತ್ರಕೋಶವೋ ಕೆಳಗೆ ಜಾರುತ್ತದೆ. 'ಕೆಳಗೆ ಏನೋ ಸಿಕ್ಕಿಕೊಂಡ ಹಾಗೆ' ಅನಿಸುತ್ತದೆ, ಸಂಜೆಗೆ ಜಾಸ್ತಿ, ಮಲಗಿದರೆ ಕಡಿಮೆ. ಆಪರೇಷನ್ ಒಂದೇ ದಾರಿ ಎಂದು ಹೆದರಿ ಮುಚ್ಚಿಡುವವರು ಬಹಳ. ಒಳಗೆ ಇಡುವ ಪೆಸರಿ ಎಂಬ ಸಿಲಿಕಾನ್ ಉಂಗುರದಿಂದಲೇ ವರ್ಷಗಟ್ಟಲೆ ಆರಾಮಾಗಿ ಓಡಾಡುವವರಿದ್ದಾರೆ.

ಈಸ್ಟ್ರೊಜೆನ್ ಮಾತು ಬಂತಲ್ಲ. ಹಾಲು ಕುಡಿಸುವ ಇಪ್ಪತ್ತೆಂಟರ ತಾಯಿ, ಮುಟ್ಟು ನಿಂತ ಐವತ್ತೈದರ ಹೆಂಗಸು ಇಬ್ಬರೂ ನನ್ನ ಮುಂದೆ ಕೂತು ಒಂದೇ ದೂರು ಹೇಳುವುದಿದೆ: ಯೋನಿ ಒಣಗಿದ ಹಾಗಿದೆ, ಉರಿ, ಗಂಡನ ಜೊತೆ ಸೇರುವಾಗ ನೋವು. ಕಾರಣವೂ ಒಂದೇ. ಹಾಲು ತಯಾರಿಸುವ ಹಾರ್ಮೋನು ಅಂಡಾಶಯವನ್ನು ಸುಮ್ಮನಿರಿಸುತ್ತದೆ, ಈಸ್ಟ್ರೊಜೆನ್ ಇಳಿಯುತ್ತದೆ. ಮುಟ್ಟು ನಿಂತಾಗ ಅಂಡಾಶಯವೇ ಸುಮ್ಮನಾಗುತ್ತದೆ. ಆ ತಾಯಿಗೆ 'ನಿನಗೆ ಮನಸ್ಸಿಲ್ಲ' ಎಂದು ಮನೆಯಲ್ಲಿ ಯಾರೂ ದೂರಬೇಕಾಗಿಲ್ಲ. ಹಾಲು ಬಿಡಿಸಿದ ಮೇಲೆ, ಎಷ್ಟೋ ಸಲ ಅದಕ್ಕೂ ಮುಂಚೆ, ಸರಿಹೋಗುತ್ತದೆ. ಅಲ್ಲಿಯವರೆಗೆ ನೀರಿನಂಶದ ಜೆಲ್ ಸಾಕು. ನಲವತ್ತರ ಹತ್ತಿರ ಹೆತ್ತವರಲ್ಲಿ ಎರಡೂ ಒಂದರ ಹಿಂದೊಂದು ಬಂದು, ಯಾವುದು ಯಾವುದೆಂದು ಗೊತ್ತಾಗದೆ ಗೊಂದಲವಾಗುವುದೂ ಉಂಟು.

ಐವತ್ತೈದರವರ ಕಥೆ ಬೇರೆ. ಮೈ ಬಿಸಿಯೇರಿ ಬೆವರುವುದು ಸಾಮಾನ್ಯವಾಗಿ ಕೆಲವು ವರ್ಷದಲ್ಲಿ ತಗ್ಗುತ್ತದೆ. ಏಳು ವರ್ಷ ಕಾಡುವುದೇನೂ ಅಪರೂಪವಲ್ಲ. ಯೋನಿಯ ಒಣಗುವಿಕೆ ಹಾಗಲ್ಲ, ಬಿಟ್ಟಷ್ಟೂ ಹೆಚ್ಚುತ್ತದೆ. ಯೋನಿಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಅಲ್ಲಿನ ಹುಳಿ ಅಂಶ ಇಳಿಯುತ್ತದೆ. ಆಗ ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲ ಆ್ಯಂಟಿಬಯಾಟಿಕ್ ನುಂಗಿದರೆ ಅವತ್ತಿನ ಸೋಂಕು ಹೋಗುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ. ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮು ಇದಕ್ಕೆ ಒಳ್ಳೆಯ ಔಷಧಿ. ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಹಚ್ಚಬೇಕು. ಸುಗಂಧದ 'ವಾಶ್'ಗಳನ್ನು ಬಿಟ್ಟುಬಿಡಿ. ಉರಿ ಜಾಸ್ತಿಯಾಗುವುದು ಅವುಗಳಿಂದಲೇ.

ಮೂಳೆಯದ್ದೂ ಇಂಥದ್ದೇ ಕಥೆ. ಹಾಲು ಕುಡಿಸುವ ತಿಂಗಳುಗಳಲ್ಲಿ ತಾಯಿಯ ಮೂಳೆಯ ಸಾಂದ್ರತೆ ಶೇ 3ರಿಂದ 5ರಷ್ಟು ಇಳಿಯುತ್ತದೆ. ಬಿಡಿಸಿದ ಆರರಿಂದ ಹನ್ನೆರಡು ತಿಂಗಳಲ್ಲಿ ತಿರುಗಿ ತುಂಬಿಕೊಳ್ಳುತ್ತದೆ. ಮುಟ್ಟು ನಿಲ್ಲುವ ಆಸುಪಾಸಿನ ಮೂರು ವರ್ಷದಲ್ಲಿ ಬೆನ್ನುಮೂಳೆ ವರ್ಷಕ್ಕೆ ಶೇ 2ರಷ್ಟು ಸವೆಯುತ್ತದೆ. ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ಮಾಂಸಖಂಡವೂ ಮೂವತ್ತರಿಂದಲೇ ಮೆಲ್ಲಗೆ ಕರಗುತ್ತಿರುತ್ತದೆ. ತೊಡೆ, ಸೊಂಟದ ಮೇಲೆ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ. ತೂಕದ ಮೆಷಿನ್ ಅದೇ ಅಂಕಿ ತೋರಿಸಿದರೂ ಬಟ್ಟೆ ಹಿಡಿಸುವುದಿಲ್ಲ. ವಾಕಿಂಗ್ ಒಳ್ಳೆಯದೇ. ಆದರೆ ವಾಕಿಂಗ್ ಒಂದೇ ಸಾಲದು. ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಬೇಕು. ಹೆಂಗಸರಿಗೆ ಅದು ಯಾಕೆ ಎಂದು ಕೇಳುವವರಿದ್ದಾರೆ. ಗಂಡಸರಿಗಿಂತ ಮುಂಚೆ ಮೂಳೆ ಸವೆಯುವುದು ಹೆಂಗಸರಿಗೆ, ಅದಕ್ಕೇ.

ಇನ್ನೊಂದು ಬದಲಾವಣೆ ಹೊರಗೆ ಕಾಣುವುದೇ ಇಲ್ಲ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದರೆ, ಹೆರಿಗೆಯಾದ ಮೇಲೆ ಸಕ್ಕರೆ ಸರಿಹೋದರೂ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಬಸುರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗಿದ್ದರೆ, ಮುಂದೆ ಹೃದಯದ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು. ಮಗು ಹುಟ್ಟಿದ ಮೇಲೆ ಆ ಫೈಲು ಅಟ್ಟ ಸೇರುತ್ತದೆ. ಐವತ್ತರಲ್ಲಿ ಎದೆನೋವೆಂದು ಹೋದಾಗ ಡಾಕ್ಟರು ಅಪ್ಪ ಅಮ್ಮನಿಗೆ ಹಾರ್ಟ್ ತೊಂದರೆ ಇತ್ತಾ ಎಂದು ಕೇಳುತ್ತಾರೆ, ನಿಮ್ಮ ಬಸಿರು ಹೇಗಿತ್ತು ಎಂದು ಕೇಳುವುದು ಕಡಿಮೆ. ನೀವೇ ಹೇಳಿ. ಬಸುರಿನಲ್ಲಿ ಸಕ್ಕರೆ ಇದ್ದವರು ಹೆರಿಗೆಯಾದ 4ರಿಂದ 12 ವಾರದೊಳಗೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಅಂದಹಾಗೆ, ಬಸುರು ಮೈಯಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ನನಗೆ ಬೆರಗು ಹುಟ್ಟಿಸುವ ಒಂದು ಸಂಗತಿ ಇದೆ. ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತದಲ್ಲಿ ಉಳಿದುಬಿಡುತ್ತವೆ. ಗಂಡುಮಗು ಹೆತ್ತ 27 ವರ್ಷದ ಮೇಲೂ ತಾಯಿಯೊಬ್ಬರ ರಕ್ತದಲ್ಲಿ ಅವು ಸಿಕ್ಕಿದ್ದನ್ನು 1996ರಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದ್ದರು.

ಕೊನೆಗೆ ಒಂದು ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಪೂರ್ತಿ ಒಂದು ವರ್ಷ ಮುಟ್ಟಾಗದೆ ಇದ್ದು, ಆಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. 'ಮತ್ತೆ ಮುಟ್ಟು ಶುರುವಾಯಿತು' ಎಂದು ಸುಮ್ನೆ ಇರಬೇಡಿ. ಹತ್ತರಲ್ಲಿ ಒಂಬತ್ತು ಮಂದಿಗೆ ಕಾರಣ ಒಣಗಿದ ಯೋನಿಯೋ ಸಣ್ಣ ಗಡ್ಡೆಯೋ ಆಗಿರುತ್ತದೆ. ಉಳಿದ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರಬಹುದು. ಒಂದು ಸ್ಕ್ಯಾನು, ಬೇಕಾದರೆ ಒಳಪದರದ ಒಂದು ಚೂರು ತೆಗೆದು ಪರೀಕ್ಷೆ, ಇಷ್ಟರಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಬೇಗ ಗೊತ್ತಾದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಮುಂದಿನ ತಿಂಗಳಿಗೆ ಹಾಕಬೇಡಿ, ಇದೇ ವಾರ ಹೋಗಿ.